ಗ್ಯಾಸಿಗೆ ವಾಸನೆ ಬಂದ ಕಥೆ

ಬುರೈಮಿಯಲ್ಲಿ ಚಳಿಯಾಗುತ್ತದೆ ಎಂದರೆ ಊರಿನ ಬಂಧುಗಳು ನಗುತ್ತಾರೆ. ಮರಳುಗಾಡಿನಲ್ಲಿ ಎಂಥ ಚಳಿ ಎಂಬುದು ಅವರ ಪ್ರಶ್ನೆ. ಆದರೆ ಡಿಸೆಂಬರ್-ಜನವರಿಯ ರಾತ್ರಿ ಇಲ್ಲಿ ಕಳೆದವರಿಗೆ ಗೊತ್ತು, ಕಲ್ಲಿನ ನೆಲ ಹೇಗೆ ಕೊರೆಯುತ್ತದೆಂದು. ಊರಿನಿಂದ ಬಂದ ವಯಸ್ಸಾದ ತಂದೆತಾಯಂದಿರಿಗಾಗಿ ಕೆಲವು ಮನೆಗಳಲ್ಲಿ ಸಿಲಿಂಡರಿಗೆ ಜೋಡಿಸುವ ಗ್ಯಾಸ್ ಅಗ್ಗಿಷ್ಟಿಕೆಯನ್ನು ತಂದಿಟ್ಟುಕೊಳ್ಳುವುದುಂಟು.

ಅಂಥದೊಂದು ಮನೆಯಲ್ಲಿ ನಾವು ಏಳೆಂಟು ಸಂಸಾರಗಳು ಊಟಕ್ಕೆ ಸೇರಿದ್ದೆವು. ಅಗ್ಗಿಷ್ಟಿಕೆ ಆರಿಸಿತ್ತು. ಎಲೆ ಹಾಕುವ ಹೊತ್ತಿಗೆ ಕೊಳೆತ ಮೊಟ್ಟೆಯಂಥ ವಾಸನೆ. ನಮ್ಮಲ್ಲೊಬ್ಬರು ಅಡಿಗೆಮನೆಯ ಫ್ಯಾನ್ ಹಾಕಲೆಂದು ಸ್ವಿಚ್ಚಿನ ಕಡೆ ಕೈ ಚಾಚಿದರು. ಇನ್ನೊಬ್ಬರು "ಮುಟ್ಟಬೇಡಿ" ಎಂದು ಕೂಗಿ ತಡೆದರು. ಸಿಲಿಂಡರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಅಂಗಳಕ್ಕೆ ಬಂದೆವು. ಮರುದಿನ ಸೋಪಿನ ನೀರು ಹಚ್ಚಿ ನೋಡಿದಾಗ ರಬ್ಬರ್ ಕೊಳವೆಯ ತುದಿಯಲ್ಲಿ ಗುಳ್ಳೆಗಳೆದ್ದವು. ಆಗ ಮನೆಯಾಕೆ ಹೇಳಿದ ಮಾತು ನಮ್ಮನ್ನು ಇನ್ನಷ್ಟು ಹೆದರಿಸಿತು: "ಸಾಯಂಕಾಲದಿಂದಲೇ ನನಗೆ ವಾಸನೆ ಬರುತ್ತಿತ್ತು. ಬಂದವರ ಮುಂದೆ ಯಾಕೆ ರಗಳೆ ಅಂತ ಸುಮ್ಮನಿದ್ದೆ."

ಆ ವಾಸನೆ ಗ್ಯಾಸಿನದಲ್ಲ, ಗ್ಯಾಸಿಗೆ ಬೇಕೆಂದೇ ಬೆರೆಸಿದ್ದು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಅದರ ಚರಿತ್ರೆಯನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಲಂಡನ್ನಿನಲ್ಲಿ ಕಲ್ಲಿದ್ದಲಿನ ಗ್ಯಾಸನ್ನು ಕೊಳವೆಯಲ್ಲಿ ಹರಿಸುವ ಕಂಪನಿಗೆ ಸನ್ನದು ದೊರೆತದ್ದು 1812ರಲ್ಲಿ. ಕಲ್ಕತ್ತೆಯ ಬೀದಿಗಳಿಗೆ ಗ್ಯಾಸ್ ದೀಪ ಬಂದದ್ದು 1857ರಲ್ಲಿ. ನಮ್ಮ ಮೈಸೂರು ಸೀಮೆಯ ಹಾದಿಯೇ ಬೇರೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿತು. ಹೀಗಾಗಿ ಕೊಳವೆ ಗ್ಯಾಸಿನ ಸಹವಾಸ ನಮ್ಮ ಹಿರಿಯರಿಗೆ ಆಗಲೇ ಇಲ್ಲ. ಸೌದೆ ಒಲೆ, ಹೊಟ್ಟಿನ ಒಲೆ, ಇದ್ದಲ ಸಿಗಡಿ, ಸೀಮೆಎಣ್ಣೆ ಸ್ಟವ್ ಇವೇ ಅವರ ಲೋಕ. ಏನಾದರೂ ಕೆಟ್ಟರೆ ಹೊಗೆಯೇ ಹೇಳುತ್ತಿತ್ತು. ಸಿಲಿಂಡರ್ ಗ್ಯಾಸು ಮುಂಬಯಿಗೆ ಬಂದದ್ದು 1955ರಲ್ಲಿ. ಇಂಡೇನ್ ಶುರುವಾದದ್ದು 1965ರಲ್ಲಿ. ಆಮೇಲೆ ನಮ್ಮ ಅಡಿಗೆಮನೆಗಳಿಗೆ ಬಂತು. ಅಜ್ಜಿಯರಿಂದ ಕಲಿಯಲಾಗದ ಒಂದು ವಿದ್ಯೆಯನ್ನು ನಾವು ಹೊಸದಾಗಿ ಕಲಿಯಬೇಕಾಯಿತು.

ಹಳೆಯ ಕಲ್ಲಿದ್ದಲಿನ ಗ್ಯಾಸು ವಿಷದ್ದು ನಿಜ, ಆದರೆ ತಾನಾಗಿಯೇ ನಾರುತ್ತಿತ್ತು. ನೆಲದಿಂದ ಬರುವ ನೈಸರ್ಗಿಕ ಗ್ಯಾಸು ಮತ್ತು ಸಿಲಿಂಡರಿನ ಎಲ್.ಪಿ.ಜಿ. ಹಾಗಲ್ಲ. ಶುದ್ಧಗೊಳಿಸಿದ ಮೇಲೆ ಅವಕ್ಕೆ ವಾಸನೆ ಇಲ್ಲವೆಂದೇ ಹೇಳಬೇಕು. ಇದರ ಬೆಲೆ ಏನೆಂದು ಜಗತ್ತಿಗೆ ತಿಳಿದದ್ದು 1937ರ ಮಾರ್ಚ್ 18ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನಲ್ಲಿ.

ಅದು ಎಣ್ಣೆಯ ಬಾವಿಗಳ ನಡುವಿನ ಸಿರಿವಂತ ಊರು. ಶಾಲೆಗೆ ಒಂದೇ ಕಡೆ ಬಾಯ್ಲರ್ ಇಡುವ ಬದಲು ಕಟ್ಟಡದ ಉದ್ದಕ್ಕೂ 72 ಗ್ಯಾಸ್ ಹೀಟರುಗಳನ್ನು ಕೂಡಿಸಿದ್ದರು. ಖರ್ಚು ಉಳಿಸಲು, ಎಣ್ಣೆ ಕಂಪನಿಯ ಕೊಳವೆಯಲ್ಲಿ ಹೋಗುತ್ತಿದ್ದ ಉಳಿಕೆ ಗ್ಯಾಸಿಗೆ ಶಾಲೆಯ ಕೊಳವೆಯನ್ನು ಜೋಡಿಸಿಕೊಂಡರು. ಆ ಗ್ಯಾಸಿಗೆ ವಾಸನೆ ಇರಲಿಲ್ಲ. ಸೋರಿದ್ದು ನೆಲದಡಿಯ ಖಾಲಿ ಜಾಗದಲ್ಲಿ ತುಂಬಿಕೊಂಡಿತು. ತಲೆನೋವು ಎಂದು ಮಕ್ಕಳು ಕೆಲಕಾಲದಿಂದ ಹೇಳುತ್ತಲೇ ಇದ್ದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಆ ಮಧ್ಯಾಹ್ನ ಮರ ಉಜ್ಜುವ ವಿದ್ಯುತ್ ಯಂತ್ರವೊಂದರ ಕಿಡಿಗೆ ಕಟ್ಟಡವೇ ಮೇಲೆದ್ದು ಕುಸಿಯಿತು. ಸತ್ತವರು ಸುಮಾರು 300 ಮಂದಿ, ಬಹುಪಾಲು ಮಕ್ಕಳು.

ಅದೇ ವರ್ಷ ಟೆಕ್ಸಾಸ್ ಸರ್ಕಾರ ಗ್ಯಾಸಿಗೆ ವಾಸನೆ ಬೆರೆಸಲೇಬೇಕೆಂದು ಕಾನೂನು ಮಾಡಿತು. ಕ್ರಮೇಣ ಈ ಪದ್ಧತಿ ಜಗತ್ತಿನಲ್ಲೆಲ್ಲ ಹರಡಿತು. ಎಲ್.ಪಿ.ಜಿ.ಗೆ ಸಾಮಾನ್ಯವಾಗಿ ಬೆರೆಸುವುದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು. ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಗಾಳಿಯಲ್ಲಿ ಎಲ್.ಪಿ.ಜಿ. ಸುಮಾರು ಶೇಕಡ 2ರಷ್ಟು ಸೇರಿದರೆ ಬೆಂಕಿ ಹತ್ತಿಕೊಳ್ಳಬಲ್ಲದು. ಅದರ ಐದನೇ ಒಂದು ಪಾಲು ಇರುವಾಗಲೇ ಮೂಗಿಗೆ ಗೊತ್ತಾಗುವಂತೆ ವಾಸನೆ ಬೆರೆಸುತ್ತಾರೆ. ಅಂದರೆ ವಾಸನೆ ಬಂದಾಗ ನಮಗೆ ಇನ್ನೂ ಸ್ವಲ್ಪ ಕಾಲಾವಕಾಶ ಇರುತ್ತದೆ. ಅದನ್ನು ಸಂಕೋಚಕ್ಕೆ ಕಳೆಯಬಾರದಷ್ಟೆ.

ಸಣ್ಣ ಕೊಂಡಿಯೊಂದು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ರೋನನ್ ಪಾಯಿಂಟ್ ಸಾಕ್ಷಿ. 1968ರ ಮೇ 16ರ ಬೆಳಗಿನ ಜಾವ, 22 ಅಂತಸ್ತಿನ ಆ ಕಟ್ಟಡದ 18ನೇ ಅಂತಸ್ತಿನಲ್ಲಿ ಒಬ್ಬಾಕೆ ಚಹಾ ಕಾಸಲು ಕಡ್ಡಿ ಗೀರಿದರು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿದು ನಾಲ್ವರು ಸತ್ತರು. ಒಲೆಗೆ ಕೊಳವೆ ಜೋಡಿಸಿದ್ದ ಒಂದು ಕಳಪೆ ಹಿತ್ತಾಳೆ ನಟ್ಟು ಮುರಿದು ಗ್ಯಾಸು ಸೋರಿತ್ತೆಂದು ವಿಚಾರಣೆಯಲ್ಲಿ ಹೊರಬಂತು. ನಮ್ಮ ನೆರೆಯ ಅಬುಧಾಬಿಯಲ್ಲೇ 2022ರ ಮೇ 23ರಂದು ಹೋಟೆಲೊಂದರಲ್ಲಿ ಗ್ಯಾಸ್ ಸ್ಫೋಟವಾಗಿ ಇಬ್ಬರು ಸತ್ತು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ನಾವಿರುವ ಈ ಓಯಸಿಸ್‌ಗೂ ಇಂಧನದ ಚರಿತ್ರೆಯೊಂದು ಅಂಟಿಕೊಂಡಿದೆ. ಇಲ್ಲಿಯ ಒಂಬತ್ತು ಹಳ್ಳಿಗಳಲ್ಲಿ ಬುರೈಮಿ, ಹಮಾಸ, ಸಾರಾ ಎಂಬ ಮೂರು ಒಮಾನಿನವು. ಉಳಿದ ಆರು ಅಬುಧಾಬಿಯವು. ಈ ಮರಳಿನಡಿ ಎಣ್ಣೆ ಸಿಗಬಹುದೆಂಬ ಆಸೆಯಿಂದ 1952ರಲ್ಲಿ ಸೌದಿ ತಂಡವೊಂದು ಬಂದು ಹಮಾಸದಲ್ಲಿ ಬೀಡುಬಿಟ್ಟಿತು. ಜಿನೀವಾದ ಪಂಚಾಯಿತಿ ಮುರಿದುಬಿದ್ದ ಮೇಲೆ, 1955ರ ಅಕ್ಟೋಬರಿನಲ್ಲಿ ಅವರನ್ನು ಹೊರಡಿಸಲಾಯಿತು. ರಾಜ್ಯಗಳು ಜಗಳವಾಡಿದ ಆ ಸಂಪತ್ತೇ ಇಂದು ಸಿಲಿಂಡರಿನಲ್ಲಿ ತುಂಬಿ ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಕುಳಿತಿದೆ.

ಇನ್ನು ಈ ಚರಿತ್ರೆ ಕಲಿಸುವ ಪಾಠ. ವಾಸನೆ ಬಂದರೆ ಮೊದಲು ಉರಿಯುತ್ತಿರುವುದನ್ನೆಲ್ಲ ಆರಿಸಿ, ಸಿಲಿಂಡರಿನ ಬಾಯಿ ಮುಚ್ಚಿ. ಸ್ವಿಚ್ಚನ್ನು ಹಾಕಲೂ ಬೇಡಿ, ತೆಗೆಯಲೂ ಬೇಡಿ. ಎರಡರಲ್ಲೂ ಕಿಡಿ ಏಳುತ್ತದೆ. ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ, ಫೋನ್ ಮಾಡುವುದಿದ್ದರೆ ಅಂಗಳದಿಂದ ಮಾಡಿ. ಒಮಾನಿನಲ್ಲಿ ತುರ್ತು ಕರೆಗೆ 9999, ಊರಿನಲ್ಲಿರುವವರಿಗೆ ಎಲ್.ಪಿ.ಜಿ. ಸಹಾಯವಾಣಿ 1906. ಎಲ್.ಪಿ.ಜಿ. ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಆದ್ದರಿಂದ ಎತ್ತರದ ಕಿಟಕಿಯೊಂದೇ ಸಾಲದು, ಬಾಗಿಲೂ ತೆರೆದಿರಬೇಕು. ಈಗ ಬೆಂಗಳೂರಿನ ಹಲವು ಮನೆಗಳಿಗೆ ಬಂದಿರುವ ಕೊಳವೆ ಗ್ಯಾಸು ಗಾಳಿಗಿಂತ ಹಗುರ, ಅದು ಮೇಲಕ್ಕೇರುತ್ತದೆ. ಸೋರಿಕೆಯನ್ನು ಕಡ್ಡಿ ಗೀರಿ ಹುಡುಕುವವರು ಇಂದಿಗೂ ಇದ್ದಾರೆ. ದಯವಿಟ್ಟು ಬೇಡಿ, ಸೋಪಿನ ನೀರು ಸಾಕು. ಸಂದೇಹ ಪೂರ್ತಿ ತೀರುವವರೆಗೆ, ಬಲ್ಲವರು ಬಂದು ನೋಡುವವರೆಗೆ, ಮತ್ತೆ ಹೊತ್ತಿಸಬಾರದು.

ಎರಡು ಮಾತು ಮರೆಯುವಂತಿಲ್ಲ. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಬಿಡುತ್ತದೆ. ನೆಗಡಿಯಾದವರಿಗೂ ಕೆಲವು ವೃದ್ಧರಿಗೂ ಅದು ತಿಳಿಯುವುದೇ ಇಲ್ಲ. ಹಾಗಾಗಿ ಹೊರಗಿನಿಂದ ಬಂದವರು "ಏನೋ ವಾಸನೆ" ಎಂದರೆ ನಂಬಬೇಕು. ಎರಡನೆಯದು, ಗ್ಯಾಸು ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆ, ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಇವು ಸದ್ದಿಲ್ಲದೆ ಪ್ರಾಣ ತೆಗೆಯುತ್ತವೆ. ನೀಲಿ ಉರಿ ಹಳದಿಯಾದರೆ, ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಆರಿಸಿ ಹೊರಗೆ ಬನ್ನಿ. ಅಗ್ಗಿಷ್ಟಿಕೆ ಉರಿಸಿಟ್ಟು ಮಲಗಲೇಬಾರದು.

ನ್ಯೂ ಲಂಡನ್ನಿನ ಮಕ್ಕಳು ಹೇಳಿದ್ದನ್ನು ದೊಡ್ಡವರು ಕೇಳಲಿಲ್ಲ. ನಮ್ಮಾಕೆ ಹೇಳಲೇ ಇಲ್ಲ. ಆ ರಾತ್ರಿ ನಾವು ಅಂಗಳದಲ್ಲಿ ಚಾಪೆ ಹಾಸಿ, ಚಳಿಯಲ್ಲಿ ನಡುಗುತ್ತ, ತಣ್ಣಗಾದ ಬಿಸಿಬೇಳೆ ಭಾತನ್ನೇ ಉಂಡೆವು. ಅದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ.