ಲಂಟಾನದ ಕುರ್ಚಿ, ಕಾಡಿನ ಜೇನು: ಅಂದದ ಹೊದಿಕೆಯ ಹಿಂದಿನ ಲೆಕ್ಕ

ಚಾಮರಾಜನಗರ: ಜಿಲ್ಲಾ ಕೇಂದ್ರದ ಸಮೀಪದ ಹರದನಹಳ್ಳಿ ದಿವ್ಯಲಿಂಗೇಶ್ವರ ದೇವಾಲಯಕ್ಕೆ ಹೆಸರಾದ ಊರು. ಹಳಗನ್ನಡದಲ್ಲಿ ಹರದ ಎಂದರೆ ವ್ಯಾಪಾರಿ. ಕಾಡಿನ ಸರಕು ಬಯಲಿಗೆ ಇಳಿದು ಕೈ ಬದಲಾಯಿಸುವುದು ಈ ಸೀಮೆಗೆ ಹೊಸದಲ್ಲ. ಜೇನು, ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ, ಅಳಲೆಕಾಯಿಗಳು ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳಿಂದ ಮೂಟೆಗಳಲ್ಲಿ, ಡಬ್ಬಗಳಲ್ಲಿ ಬರುತ್ತಿದ್ದವು. ಅವನ್ನು ತಂದವರ ಹೆಸರು ಕೊಳ್ಳುವವರಿಗೆ ತಿಳಿಯುತ್ತಿರಲಿಲ್ಲ. ಕಳೆದ ಮೂರು ದಶಕಗಳಲ್ಲಿ ಈ ಚಿತ್ರ ಬದಲಾಗಿದೆ. ಅದೇ ಸರಕು ಈಗ ಚೀಟಿ ಅಂಟಿಸಿದ ಸೀಸೆಯಲ್ಲಿ, ಚಿತ್ರ ಬರೆದ ಪೊಟ್ಟಣದಲ್ಲಿ, ವಿನ್ಯಾಸಗೊಂಡ ಪೀಠೋಪಕರಣದ ರೂಪದಲ್ಲಿ ನಗರದ ಅಂಗಡಿ ಸೇರುತ್ತಿದೆ. ‘ಪರಿಸರ ಸ್ನೇಹಿ’ ಎಂಬ ಎರಡು ಪದಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಆ ಬೆಲೆಗೆ ತಕ್ಕ ಸತ್ಯ ಹೊದಿಕೆಯ ಒಳಗಿದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಕಳೆಯೇ ಕಚ್ಚಾವಸ್ತು

ಈ ಬದಲಾವಣೆಗೆ ಅತ್ಯುತ್ತಮ ಉದಾಹರಣೆ ಲಂಟಾನ. ಅಮೆರಿಕ ಖಂಡದ ಉಷ್ಣವಲಯದ ಈ ಪೊದೆಯನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತಂದರು. ತೋಟದ ಬೇಲಿ ದಾಟಿದ ಗಿಡ ಹಕ್ಕಿಗಳ ಮೂಲಕ ಬೀಜ ಹರಡಿ ಕಾಡನ್ನು ಆವರಿಸಿತು. ದೇಶದ ಹುಲಿ ನೆಲೆಗಳ ಶೇ 40ಕ್ಕೂ ಹೆಚ್ಚು ಭಾಗದಲ್ಲಿ ಇದು ಹರಡಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಪರಿಶೀಲಿಸಿದ ತುಂಡುಭೂಮಿಗಳ ಪೈಕಿ ಶೇ 41ರಲ್ಲಿ ಮಾತ್ರ ಕಂಡಿದ್ದ ಲಂಟಾನ, 2008ರ ವೇಳೆಗೆ ಶೇ 81ರಲ್ಲಿ ಬೇರೂರಿತ್ತು. ಇದರ ಎಲೆ ತಿಂದರೆ ದನಕರುಗಳಿಗೆ ವಿಷ. ಇದರ ದಟ್ಟಣೆಯಲ್ಲಿ ಹುಲ್ಲು ಬೆಳೆಯದು, ನೆಲ್ಲಿಯ ಸಸಿ ಏಳದು.

ಹಿಂದೆ ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತದ್ದೇ ಲಂಟಾನದ ಹಬ್ಬುವಿಕೆಗೆ ಕಾರಣ ಎಂಬುದು ಸೋಲಿಗರ ವಾದ. ಅರಣ್ಯ ಇಲಾಖೆಯ ದೃಷ್ಟಿಯಲ್ಲಿ ಬೆಂಕಿ ಎಂದರೆ ಅಪರಾಧ. ಸಂಶೋಧಕರು ಸೋಲಿಗರ ಮಾತನ್ನು ಗಂಭೀರವಾಗಿ ಪರಿಗಣಿಸತೊಡಗಿದ್ದು ತಡವಾಗಿ.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ‘ಏಟ್ರೀ’ 2004ರ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕರಕುಶಲ ತರಬೇತಿ ಆರಂಭಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾಗಿ, ದಶಕಗಳ ಭಯದಿಂದ ಈ ಕಾಡು ಬಿಡುಗಡೆ ಕಂಡಿತು ಎಂಬುದೂ ಸ್ಮರಣೀಯ. ಬಿದಿರು ಮತ್ತು ಬೆತ್ತ ಆ ವೇಳೆಗೆ ವಿರಳವಾಗಿದ್ದವು. ಅವುಗಳ ಕಟಾವಿಗೆ ಕಾನೂನಿನ ಅಡ್ಡಿಯೂ ಇತ್ತು. ಬುಟ್ಟಿ ಹೆಣೆಯುವ ಕೈಗಳಿಗೆ ಬೇರೊಂದು ಕಡ್ಡಿ ಬೇಕಿತ್ತು. ಯಾರಿಗೂ ಬೇಡವಾದ, ಕಡಿದಷ್ಟೂ ಒಳ್ಳೆಯದೆನಿಸುವ ಕಡ್ಡಿ ಕಣ್ಣೆದುರೇ ಇತ್ತು.

ಕೆಲಸದ ಕ್ರಮ ಸರಳವೆನಿಸಿದರೂ ಶ್ರಮದಾಯಕ. ನೇರವಾದ, ಬೆರಳು ಗಾತ್ರದಿಂದ ಕೈಮುಷ್ಟಿ ಗಾತ್ರದವರೆಗಿನ ಕಾಂಡಗಳನ್ನು ಆರಿಸಿ ಕತ್ತರಿಸಿ, ದೊಡ್ಡ ತೊಟ್ಟಿಯ ನೀರಿನಲ್ಲಿ ಕುದಿಸುತ್ತಾರೆ. ಕುದಿದ ಕಾಂಡದ ತೊಗಟೆ ಸುಲಭವಾಗಿ ಸುಲಿಯುತ್ತದೆ. ಹಸಿ ಇರುವಾಗ ಬೇಕಾದಂತೆ ಬಾಗುತ್ತದೆ, ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಗೆದ್ದಲು ಇದರ ಹತ್ತಿರ ಸುಳಿಯುವುದು ಕಡಿಮೆ ಎಂಬುದು ಕುಶಲಕರ್ಮಿಗಳ ಅನುಭವ. ಕುರ್ಚಿ, ಟೀಪಾಯಿ, ಪುಸ್ತಕದ ಕಪಾಟು, ಹೂಬುಟ್ಟಿ, ಮಕ್ಕಳ ಆಟಿಕೆಗಳು ಇದರಿಂದ ತಯಾರಾಗಿವೆ.

ವಿನ್ಯಾಸದ ಪಾತ್ರ ಇಲ್ಲಿ ನಿರ್ಣಾಯಕ. ಲಂಟಾನ ಬೆತ್ತದಂತೆ ಉದ್ದಕ್ಕೆ, ಒಂದೇ ದಪ್ಪಕ್ಕೆ ಬೆಳೆಯುವುದಿಲ್ಲ. ಗಂಟು, ವಕ್ರತೆ ಸಹಜ. ಬೆತ್ತದ ಕುರ್ಚಿಯನ್ನೇ ಲಂಟಾನದಲ್ಲಿ ನಕಲು ಮಾಡಿದರೆ ಅದು ಕಳಪೆ ಬೆತ್ತದ ಕುರ್ಚಿಯಾಗಿ ಕಾಣುತ್ತದೆ. ಆ ಗಂಟುಗಳನ್ನೇ ಅಂದವಾಗಿ ತೋರಿಸುವ ಆಕಾರ ಹುಡುಕಿದಾಗ ಮಾತ್ರ ಕೊಳ್ಳುವವರು ಎರಡನೇ ಸಲ ತಿರುಗಿ ನೋಡುತ್ತಾರೆ.

ಈ ಮಾತನ್ನು ಜಗತ್ತಿನ ಎದುರು ನಿರೂಪಿಸಿದ್ದು ಲಂಟಾನದ ಆನೆಗಳು. ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸಿಗುವ ತಮಿಳುನಾಡಿನ ಗೂಡಲೂರು ಸೀಮೆಯಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್ ಮತ್ತು ಸೋಲಿಗ ಸಮುದಾಯಗಳ ಕುಶಲಕರ್ಮಿಗಳು ಅಲ್ಲಿನ ನಿಜವಾದ ಆನೆಗಳನ್ನೇ ಮಾದರಿಯಾಗಿಟ್ಟುಕೊಂಡು ಆಳೆತ್ತರ ಮೀರಿದ ಆಕೃತಿಗಳನ್ನು ಹೆಣೆದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕಾಣಿಸಿಕೊಂಡು, ಬಳಿಕ ಅಮೆರಿಕದ ನಗರಗಳ ಪ್ರವಾಸ ಕೈಗೊಂಡವು. ಪ್ರಚಾರದ ದೃಷ್ಟಿಯಿಂದ ಇದಕ್ಕಿಂತ ಯಶಸ್ವಿಯಾದ ಪ್ರಯತ್ನ ಈ ಭಾಗದ ಕಾಡಿನ ಉತ್ಪನ್ನಕ್ಕೆ ಹಿಂದೆ ದೊರೆತಿರಲಿಲ್ಲ. ಆದರೆ ಕುರ್ಚಿ, ಆನೆಗಳಿಂದಲೇ ಕಾಡು ಲಂಟಾನಮುಕ್ತವಾಗುತ್ತದೆ ಎಂದು ಭಾವಿಸುವುದು ತಪ್ಪು. ಬಳಕೆಗೆ ಬರುವುದು ಆರಿಸಿದ ಕಾಂಡಗಳು ಮಾತ್ರ. ಬೇರು ಉಳಿದರೆ ಗಿಡ ಮತ್ತೆ ಚಿಗುರುತ್ತದೆ. ಬೇರುಸಹಿತ ಕೀಳುವುದು ಬೇರೆಯೇ ಕೆಲಸ, ಬೇರೆಯೇ ಖರ್ಚು.

ಸೀಸೆಯೊಳಗಿನ ಜೇನು

ಜೇನಿನ ಕಥೆ ಇನ್ನಷ್ಟು ಜಟಿಲ. ಬಿಳಿಗಿರಿರಂಗನ ಬೆಟ್ಟದ 60ಕ್ಕೂ ಹೆಚ್ಚು ಪೋಡುಗಳಲ್ಲಿ ಸೋಲಿಗರು ವಾಸಿಸುತ್ತಾರೆ. ಹೆಜ್ಜೇನು ಕೀಳುವ ವಿದ್ಯೆ ಅವರಿಗೆ ಪರಂಪರೆಯಿಂದ ಬಂದದ್ದು. ಹುಟ್ಟಿನ ಒಂದು ಪಾಲನ್ನು ಹುಳುಗಳಿಗೇ ಉಳಿಸಿ ಬರುವುದು ಅವರ ರೂಢಿ. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಮತ್ತು ಏಟ್ರೀ ಸಂಸ್ಥೆಯ ಪ್ರಯತ್ನದಿಂದ 1990ರ ದಶಕದ ಮಧ್ಯಭಾಗದಲ್ಲಿ ಜೇನು ಸಂಸ್ಕರಣೆ, ಉಪ್ಪಿನಕಾಯಿ ಮುಂತಾದವುಗಳ ತಯಾರಿಕೆ ಬೆಟ್ಟದಲ್ಲೇ ನಡೆಯಿತು. ಮೂಟೆಯ ಸರಕು ಸೀಸೆಯ ಸರಕಾಗುವ ಮೊದಲ ಹೆಜ್ಜೆ ಅದು.

ಆದರೆ 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಅಭಯಾರಣ್ಯದಿಂದ ಮಾರಾಟಕ್ಕಾಗಿ ಕಿರುಅರಣ್ಯ ಉತ್ಪನ್ನ ಸಂಗ್ರಹಿಸುವುದಕ್ಕೆ ನಿರ್ಬಂಧ ಬಿತ್ತು. ಸೀಸೆ, ಚೀಟಿ, ಗಿರಾಕಿ ಎಲ್ಲವೂ ಇದ್ದು ಸರಕೇ ಇಲ್ಲದ ಸ್ಥಿತಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರ್‌ನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅದೇ ವರ್ಷ ಈ ಅರಣ್ಯ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿ ಅರಣ್ಯದಲ್ಲಿ ಬುಡಕಟ್ಟು ಜನರಿಗೆ ಇಂತಹ ಹಕ್ಕು ಮಾನ್ಯವಾದದ್ದು ದೇಶದ ಗಮನ ಸೆಳೆದಿತ್ತು. ಜೇನಿನ ಸೀಸೆಯ ಮೇಲೆ ‘ಸೋಲಿಗರ ಜೇನು’ ಎಂದು ಬರೆಯಲು ಕಾನೂನಿನ ಆಧಾರ ಈ ಹಕ್ಕುಪತ್ರ. ಎಂತಹ ಕಲಾವಿದ ಚೀಟಿ ಬಿಡಿಸಿದರೂ ಈ ಆಧಾರ ಇಲ್ಲದಿದ್ದರೆ ಅದು ಬರೀ ಚಿತ್ರ.

ಪ್ಯಾಕಿಂಗ್‌ಗೆ ಮುನ್ನ ತಾಂತ್ರಿಕ ತೊಡಕೊಂದಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಜೇನಿನಲ್ಲಿ ತೇವಾಂಶ ಶೇ 20 ಮೀರಬಾರದು. ತೇವ ಹೆಚ್ಚಿರುವ ಕಾಡಿನ ಹೆಜ್ಜೇನು ಮಾನದಂಡ ಮೀರುವುದುಂಟು. ಹಾಗೆಯೇ ಮುಚ್ಚಿಟ್ಟರೆ ಹುಳಿತು ನೊರೆ ಬರುತ್ತದೆ. ತೇವ ತೆಗೆಯಲು ಬಿಸಿ ಮಾಡಬೇಕು; ಬಿಸಿ ಹೆಚ್ಚಾದರೆ ಪರಿಮಳ ಹೋಗುತ್ತದೆ, ಗುಣಮಟ್ಟ ಕುಸಿಯುತ್ತದೆ. ಜೇನು ಆಮ್ಲೀಯ ಪದಾರ್ಥವಾದ್ದರಿಂದ ಲೇಪನವಿಲ್ಲದ ತಗಡಿನ ಡಬ್ಬಿ ಸಲ್ಲದು. ಗಾಜು ಶ್ರೇಷ್ಠ, ಆದರೆ ಬೆಟ್ಟದಿಂದ ಬೆಂಗಳೂರಿಗೆ ಸಾಗಿಸುವಾಗ ಭಾರ ಮತ್ತು ಒಡಕಿನ ನಷ್ಟ ತಯಾರಕರ ಮೇಲೆಯೇ. ಹೀಗಾಗಿ ಸಣ್ಣ ಉತ್ಪಾದಕರು ಪ್ಲಾಸ್ಟಿಕ್ ಸೀಸೆಗೆ ಮೊರೆಹೋಗುತ್ತಾರೆ.

ಇನ್ನು ಗ್ರಾಹಕರ ವಿಶ್ವಾಸದ ಮಾತು. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮಾರುಕಟ್ಟೆಯ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷಿಸಿ, ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದದ್ದು ಮೂರು ಮಾತ್ರ ಎಂದು ಪ್ರಕಟಿಸಿತು. ಸಂಬಂಧಿಸಿದ ಕಂಪನಿಗಳು ಅದನ್ನು ನಿರಾಕರಿಸಿದವು. ಹೊಳೆಯುವ ಚೀಟಿ ಶುದ್ಧತೆಗೆ ಸಾಕ್ಷಿಯಲ್ಲ ಎಂಬ ಅನುಮಾನ ಮಾತ್ರ ಜನರಲ್ಲಿ ಉಳಿಯಿತು. ಕಾಡಿನ ಜೇನಿಗೆ ಇದೇ ಅವಕಾಶ. ಯಾವ ತಿಂಗಳು, ಯಾವ ಹೂವಿನ ಕಾಲದಲ್ಲಿ, ಯಾವ ಪೋಡಿನವರು ಕಿತ್ತದ್ದು ಎಂಬ ವಿವರವನ್ನು ಕಾರ್ಖಾನೆಯ ಜೇನು ಕೊಡಲಾರದು. ನೇರಳೆ ಹೂವಿನ ಜೇನು ತುಸು ಕಹಿ. ಜೇನು ತಂಪಿನಲ್ಲಿ ಹರಳುಗಟ್ಟುವುದು ಸಹಜ. ಇವನ್ನು ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಿದರೆ ‘ಸಕ್ಕರೆ ಬೆರೆಸಿದ್ದಾರೆ’ ಎಂಬ ದೂರು ಅರ್ಧದಷ್ಟು ತಗ್ಗೀತು.

ಹಸಿರು ಮಾತಿಗೂ ನಿಯಮ

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಮೊದಲಾದವನ್ನು ನಿಷೇಧಿಸಿತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಆದರೆ ತಯಾರಿಕೆಯ ಹಂತದಲ್ಲೇ ಪದಾರ್ಥವನ್ನು ಮುಚ್ಚಿ ಬರುವ ಪೊಟ್ಟಣಗಳಿಗೆ ರಾಜ್ಯದ ನಿಷೇಧ ಅನ್ವಯಿಸಲಿಲ್ಲ. ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರ ಚೀಲ ತಪಾಸಣೆಯಾದರೂ, ಚಿಪ್ಸ್ ಪೊಟ್ಟಣ ಕಾಡಿನ ಅಂಚಿಗೆ ತಲುಪುವುದು ಇದೇ ಕಾರಣಕ್ಕೆ.

ಈ ಸಂದಿಗ್ಧದಿಂದ ಬೆಟ್ಟದ ಕಾಫಿಯೂ ಹೊರತಲ್ಲ. ಸೋಲಿಗರು ಮರಗಳ ನೆರಳಿನಲ್ಲಿ ಬೆಳೆದ ಕಾಫಿಯನ್ನು ಬೆಂಗಳೂರು ಮೂಲದ ‘ಬ್ಲ್ಯಾಕ್ ಬಾಜಾ’ ಸಂಸ್ಥೆ ಮಾರಾಟ ಮಾಡುತ್ತದೆ. ಸಂಸ್ಥೆಯ ಹೆಸರೇ ಒಂದು ಬೇಟೆಹಕ್ಕಿಯದು. ಜೀವಿಯೊಂದರ ಹೆಸರನ್ನು ಮುಂದಿಟ್ಟು ಕಾಡಿನ ಕಥೆ ಹೇಳುವ ಈ ಕ್ರಮ ಆಕರ್ಷಕ. ಆದರೆ ಕಾಫಿ ಯಾವುದೇ ಇರಲಿ, ಹುರಿದ ಬೀಜ ಗಾಳಿ, ತೇವ ತಾಗಿದರೆ ಸಪ್ಪೆಯಾಗುತ್ತದೆ. ಅದನ್ನು ತಡೆಯುವುದು ಹಲವು ಪದರಗಳ ಪೊಟ್ಟಣ. ಮರುಬಳಕೆಗೆ ಅತಿ ಕಷ್ಟವಾದದ್ದೂ ಅದೇ. ಬರೀ ಕಾಗದದ ಪೊಟ್ಟಣ ನೋಡಲು ಹಸಿರಾದರೂ ಒಳಗಿನ ಸರಕನ್ನು ಕಾಯದು.

ಆಹಾರದ ಪೊಟ್ಟಣದ ಮೇಲೆ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ವಿಳಾಸ ಕಡ್ಡಾಯ. ‘ಸಾವಯವ’ ಎಂದು ಬರೆದರೆ ಅದಕ್ಕೆ ಪ್ರಮಾಣಪತ್ರ ಬೇಕು. ಕಾಡಿನದೆಂಬ ಮಾತ್ರಕ್ಕೆ ಆ ಪದ ಬಳಸುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಂತೆ ‘ಪರಿಸರ ಸ್ನೇಹಿ’, ‘ಹಸಿರು’ ಎಂಬಂತಹ ಮಾತುಗಳಿಗೂ ಪುರಾವೆ ಒದಗಿಸಬೇಕು. ಉತ್ಪನ್ನವೋ, ಅದರ ಹೊದಿಕೆಯೋ, ತಯಾರಿಕೆಯ ವಿಧಾನವೋ, ಯಾವುದು ಹಸಿರು ಎಂಬುದನ್ನು ಸ್ಪಷ್ಟಪಡಿಸಬೇಕು. ದೊಡ್ಡ ಕಂಪನಿಗೆ ಇದು ವಕೀಲರ ಕೆಲಸ. ಪೋಡಿನ ಸಂಘಕ್ಕೆ ಪುರಾವೆ ಕೈಯಲ್ಲೇ ಇದೆ. ಗ್ರಾಮಸಭೆಯ ಹಕ್ಕುಪತ್ರ, ಜೇನು ಕಿತ್ತ ದಿನದ ದಾಖಲೆ, ತೂಕದ ಪುಸ್ತಕ. ಅವನ್ನು ಅಂಗೈ ಅಗಲದ ಚೀಟಿಯಲ್ಲಿ ಓದುವಂತೆ ಜೋಡಿಸಿಕೊಡುವ ವಿನ್ಯಾಸಕಾರರು ಬೇಕಾಗಿದ್ದಾರೆ.