ಬಿದ್ದವನ ತಲೆಗೆ ಕಿರೀಟ

ರೋಮಿನ ಸಂತ ಪೇತ್ರರ ಮಹಾದೇವಾಲಯದ ಮುಂದಿನ ವಿಶಾಲ ಅಂಗಳವನ್ನು ನಮ್ಮಲ್ಲಿ ಕೆಲವರು ಯಾತ್ರೆ ಹೋಗಿ ಕಂಡಿದ್ದಾರೆ. ಉಳಿದವರು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಾದರೂ ನೋಡಿದ್ದಾರೆ. ಅದರ ನಟ್ಟನಡುವೆ ಸುಮಾರು 25 ಮೀಟರ್ ಎತ್ತರದ ಕೆಂಗಲ್ಲಿನ ಕಂಬವೊಂದಿದೆ. ಕಲಿಗುಲ ಚಕ್ರವರ್ತಿ ಈಜಿಪ್ಟಿನಿಂದ ತರಿಸಿದ ಈ ಏಕಶಿಲಾಸ್ತಂಭವು ಮೊದಲು ನಿಂತದ್ದು ದೇವಾಲಯದ ಎದುರಿನಲ್ಲಲ್ಲ, ರಥಗಳ ಪಂದ್ಯದ ಬಯಲಿನಲ್ಲಿ. 1586ರಲ್ಲಿ ಪೋಪ್ ಐದನೆಯ ಸಿಕ್ಸ್ತಸ್ ಅವರ ಆಜ್ಞೆಯಂತೆ ಅದನ್ನು ಈಗಿನ ಸ್ಥಳಕ್ಕೆ ತಂದು ನಿಲ್ಲಿಸಲಾಯಿತು. ಅದಕ್ಕೂ ಹದಿನೈದು ಶತಮಾನಗಳ ಹಿಂದೆ ಅದೇ ಬಯಲಿನಲ್ಲಿ ನೀರೋ ಚಕ್ರವರ್ತಿ ತನ್ನ ಕುದುರೆಗಳನ್ನು ಓಡಿಸುತ್ತಿದ್ದನು.

ಕ್ರಿ.ಶ. 64ರಲ್ಲಿ ರೋಮ್ ನಗರ ಸುಟ್ಟುಹೋದ ಮೇಲೆ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿ, ಅವರನ್ನು ತನ್ನ ಉದ್ಯಾನದಲ್ಲಿ ರಾತ್ರಿಯ ದೀಪಗಳಂತೆ ಉರಿಸಿದವನು ಇವನೇ. ಆ ಸಂದರ್ಭದಲ್ಲಿ ಅವನು ಸಾರಥಿಯ ಉಡುಪು ಧರಿಸಿ ಜನರ ನಡುವೆ ಬೆರೆತು ಓಡಾಡಿದನೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಇದಾದ ಮೂರು ವರ್ಷಗಳಿಗೆ ಆ ಸಾರಥಿ ಗ್ರೀಸಿನ ಒಲಿಂಪಿಯಾಕ್ಕೆ ಹೋದನು. ಅಲ್ಲಿ ನಡೆದದ್ದನ್ನು ಹೇಳುವುದಕ್ಕಾಗಿಯೇ ಈ ಲೇಖನ. ಆದರೆ ಆ ಪಂದ್ಯ ಎಂಥದು, ಅದರ ತೀರ್ಪುಗಾರರು ಎಂಥವರು ಎಂಬುದನ್ನು ತಿಳಿಯದೆ ಹೋದರೆ ಅಂದಿನ ತೀರ್ಪಿನ ಭಾರ ನಿಮಗೆ ತಿಳಿಯಲಾರದು. ಆದುದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ.

ಒಲಿಂಪಿಯಾದಲ್ಲಿ ನಾಲ್ಕು ಕುದುರೆಗಳ ರಥದ ಪಂದ್ಯ ಕ್ರಿ.ಪೂ. 680ರಲ್ಲಿ ಆರಂಭವಾಯಿತೆಂದು ಹೇಳುತ್ತಾರೆ. ರಥವೆಂದರೆ ನಮ್ಮ ಜಾತ್ರೆಯ ತೇರನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ಅದು ಎರಡು ಗಾಲಿಗಳ, ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗವಿರುವ ಹಗುರವಾದ ಗಾಡಿ. ನಡುವಿನ ಎರಡು ಕುದುರೆಗಳು ನೊಗಕ್ಕೆ, ಹೊರಗಿನ ಎರಡು ಬರಿಯ ಹಗ್ಗಕ್ಕೆ. ಹನ್ನೆರಡು ಸುತ್ತು ಓಡಬೇಕು. ಪ್ರತಿ ಸುತ್ತಿನಲ್ಲಿಯೂ ಬಯಲಿನ ಎರಡು ತುದಿಗಳ ಗುರುತುಕಂಬಗಳನ್ನು ಎಡಕ್ಕೆ ಬಳಸಿ ತಿರುಗಬೇಕು. ಕಂಬದಿಂದ ದೂರ ಸರಿದರೆ ದಾರಿ ಉದ್ದವಾಗುತ್ತದೆ. ತೀರಾ ಹತ್ತಿರ ಹೋದರೆ ಗಾಲಿಯ ಗುಂಬ ಕಲ್ಲಿಗೆ ತಗಲಿ ಅಚ್ಚು ಮುರಿಯುತ್ತದೆ. ಸಾರಥಿಯ ವಿದ್ಯೆಯೆಲ್ಲ ಅಡಗಿದ್ದುದು ಈ ಒಂದು ತಿರುವಿನಲ್ಲಿ. ಎಡಗಡೆಯ ಕುದುರೆಯನ್ನು ಬಿಗಿಹಿಡಿದು ಕಂಬಕ್ಕೆ ಉಜ್ಜುವಂತೆ ನಡೆಸಬೇಕು. ಅದೇ ಕ್ಷಣದಲ್ಲಿ ಬಲಗಡೆಯ ಕುದುರೆಗೆ ಲಗಾಮು ಸಡಿಲಿಸಿ, ಕೂಗಿ ಹುರಿದುಂಬಿಸಬೇಕು. ಕವಿ ಹೋಮರನ ಇಲಿಯಡ್ ಕಾವ್ಯದ 23ನೆಯ ಸರ್ಗದಲ್ಲಿ ಮುದುಕ ನೆಸ್ಟರ್ ತನ್ನ ಮಗ ಅಂತಿಲೋಕಸನಿಗೆ ಕಲಿಸುವುದೂ ಇದನ್ನೇ. ನಿನ್ನ ಕುದುರೆಗಳು ನಿಧಾನದವು, ಆದುದರಿಂದ ಬುದ್ಧಿಯಿಂದ ಓಡಿಸು ಎಂಬುದು ಅವನ ಬೋಧೆಯ ಸಾರ.

ಮಗ ಆ ಬುದ್ಧಿಯನ್ನು ತುಸು ಹೆಚ್ಚಾಗಿಯೇ ಬಳಸಿದನು. ಮಳೆನೀರು ಕೊರೆದು ದಾರಿ ಕಿರಿದಾಗಿದ್ದ ಕಡೆ ರಥವನ್ನು ನುಗ್ಗಿಸಲು, ಅಪಘಾತಕ್ಕೆ ಹೆದರಿದ ಮೆನೆಲಾಸ್ ತಾನೇ ಲಗಾಮು ಎಳೆದು ಹಿಂದೆ ಸರಿದನು. ಪಂದ್ಯ ಮುಗಿದ ಮೇಲೆ ಜಗಳ. ಕುದುರೆಗಳ ಮುಂದೆ ನಿಂತು, ಚಾಟಿಯನ್ನು ಕೈಯಲ್ಲಿ ಹಿಡಿದು, ಬೇಕೆಂದು ಅಡ್ಡಬರಲಿಲ್ಲವೆಂದು ಆಣೆ ಮಾಡು ಎಂದು ಮೆನೆಲಾಸ್ ಸವಾಲು ಹಾಕಿದನು. ಹುಡುಗ ಆಣೆ ಮಾಡಲಿಲ್ಲ. ನಾನು ಚಿಕ್ಕವನು, ಆತುರಪಟ್ಟೆ ಎಂದು ಹೇಳಿ ಬಹುಮಾನದ ಹೆಣ್ಣುಕುದುರೆಯನ್ನು ಒಪ್ಪಿಸಿಬಿಟ್ಟನು. ಆಗ ಹಿರಿಯನ ಮನಸ್ಸು ಕರಗಿ ಅವನು ಅದನ್ನು ಹುಡುಗನಿಗೇ ಹಿಂದಿರುಗಿಸಿದನು. ಇದು ಕಾವ್ಯವೇ ಹೊರತು ದಾಖಲೆಯಲ್ಲ, ಒಪ್ಪುತ್ತೇನೆ. ಆದರೂ ಪಂದ್ಯದ ವ್ಯಾಜ್ಯವೊಂದು ಇಷ್ಟು ಚೆನ್ನಾಗಿ ಬಗೆಹರಿದುದನ್ನು ನಾನು ಬೇರೆಲ್ಲೂ ಓದಿಲ್ಲ.

ಒಲಿಂಪಿಯಾದ ರಥಬಯಲನ್ನು ಆಲ್ಫಿಯಸ್ ನದಿಯ ಪ್ರವಾಹಗಳು ಮುಚ್ಚಿಹಾಕಿವೆ. 2008ರಲ್ಲಿ ಜರ್ಮನ್ ಸಂಶೋಧಕರು ಭೂಮಿಯನ್ನು ಅಗೆಯದೆಯೇ ಉಪಕರಣಗಳ ಮೂಲಕ ಅದರ ಜಾಡು ಹಿಡಿದರು. ನಮಗಿರುವ ವಿವರವೆಲ್ಲ ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿಟ್ಟದ್ದು. ರಥಗಳು ಹೊರಡುವ ಕಟ್ಟೆ ಹಡಗಿನ ಮೂತಿಯ ಆಕಾರದಲ್ಲಿತ್ತಂತೆ. ಯಾರಿಗೆ ಯಾವ ಗೂಡು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಯಂತ್ರದ ಕೀಲು ತಿರುಗಿಸಿದಾಗ ಕಂಚಿನ ಹದ್ದು ಮೇಲಕ್ಕೆ ಹಾರುತ್ತಿತ್ತು, ಕಂಚಿನ ಡಾಲ್ಫಿನ್ ಮೀನು ಕೆಳಗೆ ಬೀಳುತ್ತಿತ್ತು. ಹಿಂದಿನ ಗೂಡುಗಳ ಹಗ್ಗ ಮೊದಲು ಬಿಚ್ಚಿಕೊಂಡು, ಅಲ್ಲಿಯ ಕುದುರೆಗಳು ಮುಂದಿನವುಗಳ ಸಮಕ್ಕೆ ಬಂದಾಗ ಇವುಗಳ ಹಗ್ಗ, ಹೀಗೆ ಕೊನೆಗೆ ಎಲ್ಲವೂ ಒಂದೇ ಸಾಲಿಗೆ ಬರುತ್ತಿದ್ದವು. ಯಾರಿಗೂ ಒಂದು ಮೊಳದಷ್ಟೂ ಅನ್ಯಾಯವಾಗಬಾರದು ಎಂಬ ಎಚ್ಚರವನ್ನು ಗಮನಿಸಿ.

ಅಷ್ಟಾದರೂ ಅಪಾಯ ತಪ್ಪುತ್ತಿರಲಿಲ್ಲ. ಕ್ರಿ.ಪೂ. 462ರಲ್ಲಿ ಡೆಲ್ಫಿಯ ಪಂದ್ಯದಲ್ಲಿ ನಲವತ್ತು ಸಾರಥಿಗಳು ಉರುಳಿದರೆಂದೂ, ಸೈರೀನಿನ ಅರಸನ ರಥವೊಂದೇ ಒಂದು ಪಟ್ಟಿಯೂ ಹರಿಯದೆ ಬಂದಿತೆಂದೂ ಪಿಂಡಾರ್ ಕವಿ ಹಾಡಿದ್ದಾನೆ. ಆದರೆ ಕಿರೀಟ ಸಾರಥಿಗಲ್ಲ, ಕುದುರೆಗಳ ಒಡೆಯನಿಗೆ! ಈ ನಿಯಮದಿಂದಲೇ ಸ್ಪಾರ್ಟಾದ ರಾಜಕುಮಾರಿ ಕಿನಿಸ್ಕಾ ಬಯಲಿಗೆ ಕಾಲಿಡದೆಯೇ ಕ್ರಿ.ಪೂ. 396 ಮತ್ತು 392ರಲ್ಲಿ ಗೆದ್ದಳು. ಇದೇ ನಿಯಮದಿಂದ ಬೇರೆ ತೊಡಕುಗಳೂ ಹುಟ್ಟಿದವು. ಕ್ರಿ.ಪೂ. 420ರಲ್ಲಿ ಸ್ಪಾರ್ಟಾದವರಿಗೆ ಪಂದ್ಯದಲ್ಲಿ ನಿಷೇಧವಿತ್ತು. ಲಿಕಾಸ್ ಎಂಬ ಸ್ಪಾರ್ಟಾದ ಗಣ್ಯನು ತನ್ನ ರಥವನ್ನು ಬಿಯೋಷಿಯಾದ ಹೆಸರಿನಲ್ಲಿ ಓಡಿಸಿದನು. ಅದು ಗೆದ್ದಿತು, ಬಿಯೋಷಿಯಾದ ಹೆಸರು ಘೋಷಣೆಯಾಯಿತು. ಅವನಿಗೆ ತಡೆಯಲಾಗಲಿಲ್ಲ. ಬಯಲಿಗಿಳಿದು, ರಥ ನನ್ನದು ಎಂದು ಎಲ್ಲರೂ ತಿಳಿಯುವಂತೆ ಸಾರಥಿಯ ತಲೆಗೆ ಪಟ್ಟಿ ಕಟ್ಟಿದನು. ದಂಡಧಾರಿಗಳು ಅವನನ್ನು ಅಲ್ಲಿಯೇ, ನೆರೆದ ಗ್ರೀಕರೆಲ್ಲರ ಮುಂದೆ, ಹೊಡೆದರು. ಸ್ಪಾರ್ಟಾ ಆಗಿನ ಕಾಲದ ಅತಿ ಬಲಿಷ್ಠ ಸೈನ್ಯದ ರಾಜ್ಯವೆಂಬುದನ್ನು ನೆನೆದರೆ, ಎಲಿಸ್ ಎಂಬ ಸಣ್ಣ ನಾಡಿನ ತೀರ್ಪುಗಾರರ ಎದೆಗಾರಿಕೆ ಅರ್ಥವಾಗುತ್ತದೆ.

ಈ ತೀರ್ಪುಗಾರರನ್ನು ಗ್ರೀಕರ ನ್ಯಾಯದರ್ಶಿಗಳೆಂದೇ ಕರೆಯುತ್ತಿದ್ದರು. ಹತ್ತು ತಿಂಗಳ ಕಾಲ ಒಂದೆಡೆ ವಾಸವಿದ್ದು ನಿಯಮಗಳನ್ನು ಕಲಿಯುತ್ತಿದ್ದರು. ಅವರಲ್ಲಿಯೂ ಲೋಪವಿತ್ತು, ಇಲ್ಲವೆಂದಲ್ಲ. ಕ್ರಿ.ಪೂ. 396ರ ಓಟದ ಪಂದ್ಯವೊಂದರಲ್ಲಿ ಮೂವರಲ್ಲಿ ಇಬ್ಬರು ತಮ್ಮ ನಾಡಿನವನನ್ನೇ ಗೆದ್ದವನೆಂದರು. ಸೋತವನು ಒಲಿಂಪಿಕ್ ಸಭೆಗೆ ದೂರಿತ್ತು ಆ ಇಬ್ಬರಿಗೂ ದಂಡ ಹಾಕಿಸಿದನು. ಕ್ರಿ.ಪೂ. 372ರಲ್ಲಿ ಟ್ರೊಯಿಲಸ್ ಎಂಬವನು ತಾನೇ ತೀರ್ಪುಗಾರನಾಗಿದ್ದುಕೊಂಡು ಎರಡು ರಥಪಂದ್ಯಗಳನ್ನು ಗೆದ್ದನು. ಜನರು ಏನೆಂದುಕೊಂಡರೋ ಊಹಿಸಬಹುದು. ಅಂದಿನಿಂದ ತೀರ್ಪುಗಾರರು ಕುದುರೆಗಳನ್ನು ಇಳಿಸಕೂಡದೆಂಬ ಕಾನೂನಾಯಿತು. ತಪ್ಪು ಮಾಡುವುದು, ಮಾಡಿದ ತಪ್ಪನ್ನು ತಿದ್ದುವುದು, ಹೀಗೆಯೇ ಶತಮಾನಗಳ ಮೇಲೆ ಅವರ ಮಾತಿಗೆ ಬೆಲೆ ಬಂದಿತು.

ಅವರ ತೀರ್ಪುಗಳಲ್ಲಿ ನನಗೆ ಬಹಳ ಪ್ರಿಯವಾದುದು ಒಂದು ಹೆಣ್ಣುಕುದುರೆಯನ್ನು ಕುರಿತದ್ದು. ಕ್ರಿ.ಪೂ. ಆರನೆಯ ಶತಮಾನದ ಮಾತು. ಕೊರಿಂಥದ ಫೆಯ್ಡೊಲಾಸನ ಕುದುರೆ, ಹೆಸರು ಔರಾ, ಅಂದರೆ ತಂಗಾಳಿ. ಸವಾರಿಯ ಪಂದ್ಯದ ಆರಂಭದಲ್ಲಿಯೇ ಅದು ಸವಾರನನ್ನು ಕೆಡವಿಬಿಟ್ಟಿತು. ಆದರೂ ನಿಲ್ಲಲಿಲ್ಲ. ತಪ್ಪದೆ ಓಡಿ, ಕಂಬವನ್ನು ಬಳಸಿ ತಿರುಗಿ, ಕಹಳೆಯ ದನಿ ಕೇಳಿದೊಡನೆ ವೇಗ ಹೆಚ್ಚಿಸಿ, ಎಲ್ಲಕ್ಕಿಂತ ಮೊದಲು ತೀರ್ಪುಗಾರರ ಬಳಿಗೆ ಬಂದು, ಗೆದ್ದೆನೆಂದು ತಿಳಿದಂತೆ ನಿಂತುಕೊಂಡಿತು. ತೀರ್ಪುಗಾರರು ಫೆಯ್ಡೊಲಾಸನೇ ವಿಜಯಿಯೆಂದು ಸಾರಿದರು. ಕುದುರೆಯ ಪ್ರತಿಮೆ ನಿಲ್ಲಿಸಲೂ ಅನುಮತಿ ಕೊಟ್ಟರು. ಬಿದ್ದವನು ಸವಾರ, ಓಡಿದ್ದು ಕುದುರೆ, ಕಿರೀಟ ಒಡೆಯನದು. ನಿಯಮದ ಅಕ್ಷರಕ್ಕೂ ಸರಿ, ಮನಸ್ಸಿಗೂ ಸರಿ.

ಇನ್ನು ನೀರೋ. ಕ್ರಿ.ಶ. 65ಕ್ಕೆ ಬರಬೇಕಾಗಿದ್ದ ಒಲಿಂಪಿಕ್ ಕೂಟವನ್ನು ಅವನಿಗಾಗಿ 67ಕ್ಕೆ ಮುಂದೂಡಲಾಯಿತು. ಅಲ್ಲಿ ಎಂದೂ ಇಲ್ಲದ ಸಂಗೀತ ಸ್ಪರ್ಧೆಯನ್ನು ಸೇರಿಸಲಾಯಿತು. ರಥದ ಪಂದ್ಯಕ್ಕೆ ಅವನು ಹತ್ತು ಕುದುರೆಗಳನ್ನು ಕಟ್ಟಿಸಿದನು. ಹಿಂದೆ ಮಿತ್ರಿದಾತಿಸ್ ಎಂಬ ಅರಸನು ಹತ್ತು ಕುದುರೆಗಳ ರಥವನ್ನೇರಿದ್ದಕ್ಕಾಗಿ ಇದೇ ನೀರೋ ತನ್ನ ಪದ್ಯವೊಂದರಲ್ಲಿ ಅವನನ್ನು ಹೀಗಳೆದಿದ್ದನಂತೆ! ನಾಲ್ಕು ಕುದುರೆಗಳ ಲಗಾಮುಗಳನ್ನು ಹೊಂದಿಸುವುದೇ ಜೀವಮಾನದ ಸಾಧನೆ. ಹತ್ತನ್ನು ತಿರುವಿನಲ್ಲಿ ಹಿಡಿಯುವುದು ಹೇಗೆ? ನೀರೋ ರಥದಿಂದ ಕೆಳಗುರುಳಿದನು. ಎತ್ತಿ ಮತ್ತೆ ಹತ್ತಿಸಿದರು. ಅವನಿಗೆ ನಿಲ್ಲಲಾಗಲಿಲ್ಲ, ಕೊನೆಯನ್ನು ಮುಟ್ಟದೆಯೇ ಪಂದ್ಯವನ್ನು ಬಿಟ್ಟನು. ಲಿಕಾಸನಿಗೆ ಹೊಡೆಸಿದ ಪೀಠದಲ್ಲಿ ಅಂದು ಕುಳಿತಿದ್ದವರು ಅವನ ತಲೆಗೆ ಕಾಡು ಆಲಿವ್ ಎಲೆಗಳ ಕಿರೀಟವಿಟ್ಟರು.

ಅವರನ್ನು ಹೀಯಾಳಿಸುವುದು ಸುಲಭ. ಆದರೆ ಅದೇ ವರ್ಷ ಏನಾಯಿತೆಂಬುದನ್ನೂ ನೋಡಬೇಕು. ರೋಮಿನ ಹೆಸರಾಂತ ಸೇನಾಪತಿ ಕಾರ್ಬುಲೊನನ್ನು ನೀರೋ ಗ್ರೀಸಿಗೆ ಕರೆಸಿಕೊಂಡು, ಕೆಂಕ್ರೆಯ ಬಂದರಿನಲ್ಲಿ ಅವನು ತನ್ನ ಕತ್ತಿಯಿಂದಲೇ ಸಾಯುವಂತೆ ಮಾಡಿದನು. ಪ್ರೇಷಿತರ ಕಾರ್ಯಕಲಾಪಗಳನ್ನು ಓದುವವರಿಗೆ ಕೆಂಕ್ರೆಯ ಅಪರಿಚಿತವಲ್ಲ. ಸಂತ ಪೌಲರು ಹರಕೆ ತೀರಿಸಿ ತಲೆಗೂದಲು ಕತ್ತರಿಸಿಕೊಂಡ ಊರು ಅದು. ಸೇನಾಪತಿಯ ಗತಿಯೇ ಹಾಗಾದಲ್ಲಿ ಹತ್ತು ಮಂದಿ ಹಳ್ಳಿಗಾಡಿನ ತೀರ್ಪುಗಾರರು ಏನು ಮಾಡಬೇಕಿತ್ತು? ನಾನಾಗಿದ್ದರೆ ಏನು ಮಾಡುತ್ತಿದ್ದೆನೋ, ಹೇಳುವ ಧೈರ್ಯ ನನಗಿಲ್ಲ. ಒಂದು ಮಾತನ್ನು ಮಾತ್ರ ಮರೆಯುವಂತಿಲ್ಲ: ಅವರಿಗೆ ಸಿಕ್ಕಿದ್ದು ಬರಿಯ ಪ್ರಾಣಭಿಕ್ಷೆಯಲ್ಲ. ರೋಮಿನ ಪೌರತ್ವವೂ, ಎರಡೂವರೆ ಲಕ್ಷ ದ್ರಾಕ್ಮಾ ಹಣವೂ ದೊರೆತವು. ಹೆದರಿ ಕೊಟ್ಟ ತೀರ್ಪಿಗೆ ಸಂಭಾವನೆಯೂ ಸೇರಿದಾಗ ಅದನ್ನು ಏನೆಂದು ಕರೆಯಬೇಕು, ನೀವೇ ಹೇಳಿ. ಅದೇ ಒಲಿಂಪಿಯಾದಲ್ಲಿ, ಕ್ರೀಡಾಂಗಣಕ್ಕೆ ಹೋಗುವ ದಾರಿಯಲ್ಲಿ, ಲಂಚ ಕೊಟ್ಟು ಗೆದ್ದವರ ದಂಡದ ಹಣದಿಂದ ಮಾಡಿಸಿದ ಸ್ಯೂಸ್ ದೇವತೆಯ ಕಂಚಿನ ಪ್ರತಿಮೆಗಳು ಸಾಲಾಗಿ ನಿಂತಿದ್ದವು. ಕ್ರಿ.ಪೂ. 388ರ ಒಬ್ಬ ಮುಷ್ಟಿಕಾಳಗದವನಿಂದ ಆರಂಭವಾದ ಸಾಲು ಅದು. ಹಣ ಪಡೆದ ತೀರ್ಪುಗಾರರೂ ಆ ಪ್ರತಿಮೆಗಳನ್ನು ದಾಟಿಯೇ ಕ್ರೀಡಾಂಗಣಕ್ಕೆ ಹೋಗಬೇಕಿತ್ತು.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 9ನೆಯ ಅಧ್ಯಾಯದಲ್ಲಿ ಸಂತ ಪೌಲರು ಓಟಗಾರರ ಬಾಡುವ ಕಿರೀಟವನ್ನು ಪ್ರಸ್ತಾಪಿಸುತ್ತಾರೆ. ಆ ಪತ್ರವನ್ನು ಕೇಳಿದ ಜನರ ಊರಿನ ಪಕ್ಕದಲ್ಲಿಯೇ ಇಸ್ತ್ಮಿಯಾದ ಕ್ರೀಡಾಕೂಟ ನಡೆಯುತ್ತಿತ್ತು. ಅದೇ ಇಸ್ತ್ಮಿಯಾದಲ್ಲಿ ನಿಂತು ನೀರೋ ಗ್ರೀಸಿಗೆ ಸ್ವಾತಂತ್ರ್ಯ ಘೋಷಿಸಿದನು. ಹಿಂದಿರುಗುವಾಗ ಅವನ ಬಳಿ 1808 ಕಿರೀಟಗಳಿದ್ದವೆಂದು ಡಿಯೊ ಕ್ಯಾಸಿಯಸ್ ಲೆಕ್ಕ ಕೊಡುತ್ತಾನೆ. ಪೌಲರು ಹುತಾತ್ಮರಾದುದು ಈ ನೀರೋವಿನ ಆಳ್ವಿಕೆಯಲ್ಲಿಯೇ ಎಂಬುದು ಧರ್ಮಸಭೆಯ ಪರಂಪರೆ.

ಕ್ರಿ.ಶ. 68ರ ಜೂನ್ ತಿಂಗಳಲ್ಲಿ ನೀರೋ ಆತ್ಮಹತ್ಯೆ ಮಾಡಿಕೊಂಡನು. ಎಲಿಸಿನವರು ತಮ್ಮ ಹಳೆಯ ವಿಜಯಿಗಳ ಪಟ್ಟಿಯನ್ನು ತೆಗೆದು, 211ನೆಯ ಒಲಿಂಪಿಕ್ ಕೂಟವನ್ನೇ ಅದರಿಂದ ಬಿಟ್ಟುಬಿಟ್ಟರು. ಇಡೀ ಪಟ್ಟಿಯಲ್ಲಿ ಹಾಗೆ ಬಿಟ್ಟದ್ದು ಅದೊಂದನ್ನೇ ಎಂದು ಪೌಸೇನಿಯಸ್ ಹೇಳುತ್ತಾನೆ. ತೀರ್ಪುಗಾರರು ಪಡೆದಿದ್ದ ಎರಡೂವರೆ ಲಕ್ಷವನ್ನು ಹೊಸ ಚಕ್ರವರ್ತಿ ಗಾಲ್ಬಾ ಹಿಂದಕ್ಕೆ ಕೇಳಿದನು.