ಮುಂಬಯಿಯಲ್ಲಿ ಮೆಮೊರಿ ಹಾಕುವ ಕಸುಬು

ಮುಂಬಯಿಯ ಕಂಪ್ಯೂಟರ್ ಚರಿತ್ರೆ ಬರೆಯುವವರು ದೊಡ್ಡ ದೊಡ್ಡ ಕಂಪನಿಗಳಿಂದ ಶುರು ಮಾಡುತ್ತಾರೆ. ನಾನು ಮೆಮೊರಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಮನೆಯ ಅನ್ನ ಬೆಂದದ್ದು ಅದರಿಂದ. ಸ್ಟಿಕ್ಕನ್ನು ಸಂದಿಗೆ ತುರುಕಿದರೆ ಆಯಿತು, ಇದರಲ್ಲಿ ಕಸುಬು ಎಂಥದ್ದು ಎಂದು ಕೇಳಿದವರು ಬಹಳ ಜನ. ತುರುಕಲು ಅರ್ಧ ನಿಮಿಷ ಸಾಕು, ನಿಜ. ಆದರೆ ಹಾಕಿದ ಮೆಮೊರಿಯ ಲೆಕ್ಕ ಇಡುವವರು ಯಂತ್ರದೊಳಗೆ ನಾಲ್ಕಾರು ಮಂದಿ ಇರುತ್ತಾರೆ. ಅವರಲ್ಲಿ ಒಬ್ಬನಿಗೆ ಲೆಕ್ಕ ತಪ್ಪಿದರೂ ಯಂತ್ರ ಮಲಗುತ್ತದೆ. ನಾನು ಕಂಡ ರಗಳೆಗಳಲ್ಲಿ ಚಿಪ್ಪು ಕೆಟ್ಟು ಆದದ್ದು ಕಡಿಮೆ, ಲೆಕ್ಕ ತಪ್ಪಿ ಆದದ್ದೇ ಹೆಚ್ಚು.

ಈ ಊರಿನ ಮೊದಲ ಮೆಮೊರಿ ಕೊಲಾಬಾದ್ದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1945ರಲ್ಲಿ, ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಕೊನೆಗೆ ಹೋಮಿ ಭಾಭಾ ಅದನ್ನು ಬೊಂಬಾಯಿಗೆ ತಂದರು. (ಮುಂಬಯಿ ಕನ್ನಡಿಗರ ಸಭೆಯಲ್ಲಿ ಇಷ್ಟು ಹೇಳಿದರೆ ಒಂದು ಚಪ್ಪಾಳೆ ಖಂಡಿತ. ಮುಂದೆ ಅದರ ನಿರ್ದೇಶಕರಾದ ಬಿ. ವಿ. ಶ್ರೀಕಂಠನ್ ನಂಜನಗೂಡಿನವರು ಎಂದರೆ ಇನ್ನೊಂದು.) ಆರ್. ನರಸಿಂಹನ್ ಅವರ ತಂಡ ಅಲ್ಲಿ ಮೊದಲು ಒಂದು ಪ್ರಾಯೋಗಿಕ ಯಂತ್ರ ಕಟ್ಟಿ, ಆಮೇಲೆ ಪೂರ್ಣ ಪ್ರಮಾಣದ್ದಕ್ಕೆ ಕೈಹಾಕಿತು. ಅದು 1960ರಲ್ಲಿ ಕೆಲಸಕ್ಕೆ ಬಂತು, 1962ರ ಜನವರಿಯಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. 2,700 ವ್ಯಾಕ್ಯೂಮ್ ಟ್ಯೂಬು, 1,700 ಜರ್ಮೇನಿಯಂ ಡಯೋಡು, 12,500 ರೆಸಿಸ್ಟರು ಸೇರಿ ಆದ ಯಂತ್ರ ಅದು.

ಅದರ ಮೆಮೊರಿ ಫೆರೈಟ್ ಕೋರಿನದು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಬಳೆಗಳು, ಅವುಗಳ ತೂತಿನೊಳಗೆ ಹಾಯುವ ತಂತಿಗಳು. ಬಳೆ ಒಂದು ದಿಕ್ಕಿಗೆ ಕಾಂತವಾದರೆ ಸೊನ್ನೆ, ಎದುರು ದಿಕ್ಕಿಗಾದರೆ ಒಂದು. 40 ಬಿಟ್ಟಿನ 2,048 ಪದಗಳೆಂದರೆ 81,920 ಬಳೆ. ಇವತ್ತಿನ ಅಳತೆಯಲ್ಲಿ ಅದು 10 ಕಿಲೋಬೈಟ್. ನೀವು ಓದುತ್ತಿರುವ ಈ ಲೇಖನವನ್ನು ಯೂನಿಕೋಡಿನಲ್ಲಿ ಇಟ್ಟರೆ ಅರ್ಧವೂ ಅದರಲ್ಲಿ ಹಿಡಿಸಲಿಕ್ಕಿಲ್ಲ. ಆದರೆ ಇವತ್ತಿನ ರ‍್ಯಾಮಿಗಿಲ್ಲದ ಒಂದು ಗುಣ ಅದಕ್ಕಿತ್ತು, ಕರೆಂಟು ಹೋದರೂ ಬರೆದದ್ದು ಅಳಿಯುತ್ತಿರಲಿಲ್ಲ. ಇನ್ನಷ್ಟು ಮೆಮೊರಿ ಬೇಕೆಂದರೆ ಹೊಸ ಬಳೆಗಳು, ಹೊಸ ತಂತಿಗಳು, ಅವನ್ನು ನಡೆಸುವ ಹೊಸ ಸರ್ಕ್ಯೂಟು ಎಲ್ಲ ಬೇಕು. ಯಂತ್ರ ನಿಲ್ಲಿಸಿಯೇ ಆ ಕೆಲಸ. ನಿಲ್ಲಿಸಿದರೆ ಹೊರಗೆ ಗಲಾಟೆ ಮಾಡುವ ಗಿರಾಕಿಯೂ ಆಗ ಇರಲಿಲ್ಲ.

1961ರಲ್ಲಿ ಎಸ್ಸೋ ತೈಲ ಕಂಪನಿಯ ಬೊಂಬಾಯಿ ಕಚೇರಿಗೆ ಐಬಿಎಂ 1401 ಬಂತು, 1964ರಲ್ಲಿ ಕೊಲಾಬಾಕ್ಕೆ ಅಮೆರಿಕದ ಸಿಡಿಸಿ 3600 ಬಂತು. ಅವೆಲ್ಲ ಎಸಿ ಕೋಣೆಯೊಳಗಿನ ವಿಚಾರ. ನಮ್ಮಂಥವರ ಕೈಗೆ ಮೆಮೊರಿ ಸಿಗಲು ಇನ್ನೂ ಕಾಲು ಶತಮಾನ ಬೇಕಾಯಿತು. ಸಿಕ್ಕಿದ್ದು ಗ್ರಾಂಟ್ ರೋಡ್ ಸ್ಟೇಶನ್ನಿನ ಬಳಿ, ಲ್ಯಾಮಿಂಗ್ಟನ್ ರಸ್ತೆಯಲ್ಲಿ.

1903ರಿಂದ 1907ರವರೆಗೆ ಬೊಂಬಾಯಿ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರಿನ ರಸ್ತೆ ಅದು. ಸರಕಾರಿ ಕಾಗದದಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಆದರೆ ಹಾಗೆ ಹೇಳಿದರೆ ಟ್ಯಾಕ್ಸಿಯವ ಒಮ್ಮೆ ಯೋಚನೆ ಮಾಡುತ್ತಾನೆ. ಮಿನರ್ವಾ, ಅಪ್ಸರಾ, ನಾಝ್ ಥಿಯೇಟರುಗಳಿಂದಾಗಿ ಅದು ಮೊದಲು ಸಿನೆಮಾದವರ ರಸ್ತೆ. ಅದರ ಪಕ್ಕದಲ್ಲೇ ರೇಡಿಯೋ ಬಿಡಿಭಾಗದ ಅಂಗಡಿಗಳು ಬೆಳೆದವು. ವಾಲ್ವು, ಟ್ರಾನ್ಸಿಸ್ಟರು, ಕಂಡೆನ್ಸರು ಮಾರುತ್ತಿದ್ದ ಅದೇ ಗಾಜಿನ ಪೆಟ್ಟಿಗೆಗಳಲ್ಲಿ, 1984ರ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿದ ಮೇಲೆ, ಕಂಪ್ಯೂಟರ್ ಭಾಗಗಳು ಕೂತವು.

ನಾನು ಕುಂದಾಪುರದ ಕಡೆಯವ. ದೊಡ್ಡಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಹಗಲು ಅಲ್ಲಿ ಟೇಬಲ್ ಒರೆಸಿ, ಸಂಜೆ ಫೋರ್ಟಿನ ರಾತ್ರಿ ಶಾಲೆಗೆ ಓಡಿದ ಹುಡುಗರಲ್ಲಿ ನಾನೂ ಒಬ್ಬ. ಮೆಟ್ರಿಕ್ ಮುಗಿಸಿ ರೇಡಿಯೋ ರಿಪೇರಿ ಕಲಿತು ಲ್ಯಾಮಿಂಗ್ಟನ್ ರಸ್ತೆಯ ಒಂದು ಗುಜರಾತಿ ಅಂಗಡಿ ಸೇರುವಾಗ 1990ರ ದಶಕ ಶುರುವಾಗಿತ್ತು. ದಕ್ಷಿಣದವರೆಲ್ಲ ಅಲ್ಲಿ ‘ಅಣ್ಣಾ’. ಸೇಠರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅವರೂ ನನ್ನನ್ನು ಅಣ್ಣಾ ಎಂದೇ ಕರೆದರು.

ಆಗ ಬರುತ್ತಿದ್ದದ್ದು 30 ಪಿನ್ನಿನ ಸಿಮ್. ಮೊಬೈಲಿನ ಸಿಮ್ ಅಲ್ಲ, ಮೆಮೊರಿಯ ಸಿಮ್. ಸ್ವಲ್ಪ ಓರೆಯಾಗಿ ಇಳಿಸಿ ನೆಟ್ಟಗೆ ಎತ್ತಿದರೆ ಎರಡು ಬದಿಯ ಕೊಕ್ಕೆ ‘ಟಕ್’ ಎಂದು ಹಿಡಿಯಬೇಕು. ಒಂದೇ ಬದಿಯಲ್ಲಿ ಟಕ್ ಎಂದರೆ ಕೂತಿಲ್ಲ ಎಂದರ್ಥ. 486 ಯಂತ್ರಕ್ಕೆ ಒಂದು ಸ್ಟಿಕ್ ಹಾಕಿದರೆ ನಡೆಯದು, ಒಂದೇ ಅಳತೆಯ ನಾಲ್ಕು ಬೇಕು. ಪ್ರೊಸೆಸರ್ ಒಮ್ಮೆಗೆ 32 ಬಿಟ್ ಕೇಳುತ್ತದೆ, ಸ್ಟಿಕ್ ಒಂದೊಂದೂ ಕೊಡುವುದು ಎಂಟೇ. ಪೆಂಟಿಯಂ ಬಂದಾಗ 72 ಪಿನ್ನಿನವು ಜೋಡಿ ಜೋಡಿಯಾಗಿ ಬೇಕಾದವು. ಸಾಂತಾಕ್ರೂಜ್, ಮುಲುಂಡ್, ಡೊಂಬಿವಲಿಯಿಂದೆಲ್ಲ ಯಂತ್ರವನ್ನು ಹೆಗಲಿಗೇರಿಸಿ ಲೋಕಲಿನಲ್ಲಿ ತರುತ್ತಿದ್ದರು. ಬಟನ್ ಒತ್ತಿದರೆ ಪರದೆ ಕಪ್ಪು, ಬರೀ ಬೀಪ್ ಬೀಪ್. ಸ್ಟಿಕ್ ಕಳಚಿ, ಅದರ ಅಂಚಿನ ಬಂಗಾರದ ಹಲ್ಲುಗಳ ಮೇಲೆ ಶಾಲಾ ಮಕ್ಕಳ ನಟರಾಜ್ ರಬ್ಬರನ್ನು ಒಂದೇ ದಿಕ್ಕಿಗೆ ನಾಲ್ಕು ಸಲ ಎಳೆದು, ಪುಡಿ ಊದಿ ಮತ್ತೆ ಹಾಕಿದರೆ ಹತ್ತರಲ್ಲಿ ಏಳು ಯಂತ್ರ ಎದ್ದು ಕೂರುತ್ತಿದ್ದವು. ಮುಂಬಯಿಯ ಉಪ್ಪುಗಾಳಿಗೆ ರಬ್ಬರೇ ಮದ್ದು. ಮಳೆಗಾಲದ ಮೊದಲ ವಾರ ಆ ಕೆಲಸದಿಂದಲೇ ಅಂಗಡಿಯ ಬಾಡಿಗೆ ಹುಟ್ಟುತ್ತಿತ್ತು.

ದರದ್ದು ಇನ್ನೊಂದೇ ಕತೆ. 1993ರ ಜುಲೈಯಲ್ಲಿ ಜಪಾನಿನ ನೀಹಾಮಾದಲ್ಲಿ ಸುಮಿಟೊಮೊ ಕಾರ್ಖಾನೆಯೊಂದು ಸ್ಫೋಟವಾಯಿತು. ಚಿಪ್ಪಿನ ಹೊದಿಕೆಗೆ ಬೇಕಾದ ರಾಳ ತಯಾರಾಗುತ್ತಿದ್ದದ್ದು ಅಲ್ಲಿ. ಲೋಕದಾದ್ಯಂತ ಮೆಮೊರಿ ದರ ಜಿಗಿಯಿತು. 1999ರ ಸೆಪ್ಟೆಂಬರಿನಲ್ಲಿ ತೈವಾನಿನ ಭೂಕಂಪದ ನಂತರ ಮತ್ತೆ ಹಾಗೇ. ಸೇಠರು ಫೋನ್ ಕೆಳಗಿಟ್ಟು ‘ಅಣ್ಣಾ, ರೇಟ್ ಬದಲ್ ಗಯಾ’ ಎಂದರೆ ಗಾಜಿನ ಪೆಟ್ಟಿಗೆಯಲ್ಲಿದ್ದ ಸ್ಟಿಕ್ಕುಗಳು ಒಳಗಿನ ಕಪಾಟು ಸೇರುತ್ತಿದ್ದವು.

ಲೆಕ್ಕ ತಪ್ಪುವ ವಿಷಯಕ್ಕೆ ಬರುತ್ತೇನೆ. 1997ರಲ್ಲಿ ಬಂದ ಇಂಟೆಲಿನ 430ಟಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡುಗಳನ್ನು ನಾವು ರಾಶಿ ರಾಶಿ ಮಾರಿದ್ದೇವೆ. ಅದಕ್ಕೆ 256 ಎಂಬಿ ತನಕ ಮೆಮೊರಿ ಹಾಕಬಹುದು. ಆದರೆ ಕ್ಯಾಶ್ ಎಂಬ ಚುರುಕು ಮೆಮೊರಿ ಲೆಕ್ಕ ಇಡುವುದು ಮೊದಲ 64 ಎಂಬಿಯದ್ದು ಮಾತ್ರ. ವಿಂಡೋಸ್ ಮೇಲಿನ ತುದಿಯ ಮೆಮೊರಿಗೇ ಮೊದಲು ಕೈಹಾಕುವ ಜಾತಿ. ಪರಿಣಾಮ, ದುಡ್ಡು ಕೊಟ್ಟು 64ರಿಂದ 128ಕ್ಕೆ ಏರಿಸಿಕೊಂಡ ಗಿರಾಕಿಯ ಯಂತ್ರ ಮೊದಲಿಗಿಂತ ನಿಧಾನವಾಯಿತು! ಸ್ಟಿಕ್ ನಕಲಿ ಎಂದು ಜಗಳಕ್ಕೆ ಬಂದವರಿಗೆ ವಿವರಿಸಿ ನನ್ನ ಗಂಟಲು ಒಣಗಿದೆ. ಇನ್ನೂ ವಿಚಿತ್ರ ವಿಂಡೋಸ್ 98ರದ್ದು. 512 ಎಂಬಿ ದಾಟಿಸಿದರೆ ಅದು ‘ಮೆಮೊರಿ ಸಾಲದು’ ಎಂದು ಹೇಳುತ್ತಿತ್ತು. ಮೆಮೊರಿ ಹೆಚ್ಚಿದಷ್ಟೂ ಅದರ ಫೈಲ್ ಕ್ಯಾಶ್ ಹಿಗ್ಗಿ, ಬೇರೆಯವರಿಗೆ ಇಡಬೇಕಾದ ವಿಳಾಸಗಳನ್ನೆಲ್ಲ ನುಂಗಿ ಕೂರುತ್ತಿತ್ತು. ಸಿಸ್ಟಮ್ ಡಾಟ್ ಐಎನ್‌ಐ ಎಂಬ ಫೈಲಿನಲ್ಲಿ ವಿಕ್ಯಾಶ್ ತಲೆಬರಹದ ಕೆಳಗೆ ಒಂದು ಸಾಲು ಬರೆದು ಕಡಿವಾಣ ಹಾಕಬೇಕಿತ್ತು. ಆ ಸಾಲು ಗೊತ್ತಿದ್ದವನಿಗೆ ರಸ್ತೆಯಲ್ಲಿ ಒಂದು ಬೆಲೆ ಇತ್ತು.

ಇವೆಲ್ಲ ಯಂತ್ರ ಆರಿಸಿ ಮಾಡುವ ಕೆಲಸ. ಆರಿಸಲಿಕ್ಕಿಲ್ಲದ ಕಾಲವೂ ಈ ಊರಿಗೆ ಬೇಗ ಬಂತು. 1994ರ ನವೆಂಬರಿನಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಷೇರು ವಹಿವಾಟನ್ನು ಪರದೆಯ ಮೇಲೆ ಶುರು ಮಾಡಿತು. 1995ರ ಮಾರ್ಚಿನಲ್ಲಿ ದಲಾಲ್ ಸ್ಟ್ರೀಟಿನ ಹಳೆಯ ಎಕ್ಸ್‌ಚೇಂಜೂ ಬೋಲ್ಟ್ ಎಂಬ ತನ್ನ ಪರದೆ ವ್ಯವಸ್ಥೆಗೆ ಬಂತು. ದಲ್ಲಾಳಿಗಳ ಸರ್ವರಿಗೆ ಮೆಮೊರಿ ಹಾಕುವುದೆಂದರೆ ಶನಿವಾರ ರಾತ್ರಿ, ವಾಚ್‌ಮನ್ನಿಗೆ ಚಹಾ ಕುಡಿಸಿ, ಸೋಮವಾರ ಬೆಳಿಗ್ಗೆಗೆ ಎದ್ದರೆ ಸಾಕು ಎಂದು ದೇವರಿಗೆ ಕೈಮುಗಿದು. ಎಟಿಎಮ್ಮು, ಮೊಬೈಲ್ ಬ್ಯಾಂಕಿಂಗು ಬಂದ ಮೇಲೆ ಆ ಶನಿವಾರವೂ ಹೋಯಿತು.

ಅಷ್ಟರಲ್ಲಿ ಕಸುಬು ನಮ್ಮ ಕೈಯಿಂದ ಜಾರಿ ಸಾಫ್ಟ್‌ವೇರಿಗೆ ಸೇರಿತ್ತು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಕ್ಯುಎಮು ಎಂಬ ಎಮ್ಯುಲೇಟರ್ ಹೊರತಂದರು, ಒಂದು ಯಂತ್ರದೊಳಗೆ ಇನ್ನೊಂದು ಯಂತ್ರದ ಸೋಗು ಹಾಕುವ ತಂತ್ರಾಂಶ. 2007ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಕೆವಿಎಂ ಎಂಬ ಭಾಗ ಸೇರಿತು, ಸೋಗಿನ ಯಂತ್ರ, ಅಂದರೆ ವರ್ಚುವಲ್ ಯಂತ್ರ, ಹೆಚ್ಚುಕಡಿಮೆ ಅಸಲಿಯಷ್ಟೇ ವೇಗವಾಗಿ ಓಡತೊಡಗಿತು. 2014ರ ಕ್ಯುಎಮು 2.1ರಲ್ಲಿ ಓಡುತ್ತಿರುವ ವರ್ಚುವಲ್ ಯಂತ್ರಕ್ಕೇ ಮೆಮೊರಿ ಸೇರಿಸುವ ಅನುಕೂಲ ಬಂತು. ಹಾಟ್‌ಪ್ಲಗ್ ಎನ್ನುತ್ತಾರೆ. ಯಂತ್ರ ಶುರು ಮಾಡುವಾಗಲೇ ಎಷ್ಟು ಸ್ಲಾಟು, ಗರಿಷ್ಠ ಎಷ್ಟು ಮೆಮೊರಿ ಎಂದು ಹೇಳಿಡಬೇಕು. ಬೇಕಾದಾಗ ಎರಡು ಆಜ್ಞೆ ಕೊಟ್ಟರೆ ಪಿಸಿ-ಡಿಮ್ ಎಂಬ ಸೋಗಿನ ಸ್ಟಿಕ್ ಹುಟ್ಟಿ ಸ್ಲಾಟಿನಲ್ಲಿ ಕೂರುತ್ತದೆ, ‘ಹೊಸ ಮೆಮೊರಿ ಬಂದಿದೆ’ ಎಂದು ಒಳಗಿನ ಆಪರೇಟಿಂಗ್ ಸಿಸ್ಟಮ್ಮಿಗೆ ಸುದ್ದಿ ಹೋಗುತ್ತದೆ. ರಬ್ಬರಿಲ್ಲ, ಟಕ್ ಎಂಬ ಸದ್ದೂ ಇಲ್ಲ. ಇಂಥ ಸ್ಲಾಟು ಒಂದು ಯಂತ್ರಕ್ಕೆ 256 ತನಕ ಇಡಬಹುದು.

2015ರ ಬೇಸಿಗೆಯಲ್ಲಿ ನನ್ನ ತಂಗಿಯ ಮಗ ಫೋನು ಮಾಡಿದ. ನವಿ ಮುಂಬಯಿಯ ಒಂದು ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿ ಅವನದ್ದು.

“ಎಂತ ಮಾವ, ಮೆಮೊರಿ ಹಾಕಿದ ಕೂಡ್ಲೇ ಮೆಷಿನ್ನೇ ಹೋಯ್ತಲ್ಲ!”

“ಎಷ್ಟನೇ ಸ್ಟಿಕ್ಕು ಅದು?”

“ಲೆಕ್ಕ ಯಾರಿಟ್ಟಿದ್ದಾರೆ? ಗಿರಾಕಿ ಕೇಳಿದ ಹಾಗೆ ಅರ್ಧರ್ಧ ಜಿಬಿ ಹಾಕ್ತಾ ಬಂದದ್ದು. ಸ್ಲಾಟು ಇನ್ನೂ ಬೇಕಾದಷ್ಟು ಖಾಲಿ ಉಂಟು.”

ಸ್ಟಿಕ್ಕುಗಳನ್ನು ಎಣಿಸು ಎಂದೆ. ಅರವತ್ತರ ಆಸುಪಾಸು. ಅರವತ್ತನಾಲ್ಕು ಎಂಬ ಸಂಖ್ಯೆಯ ಕಾಟ ಉಂಡವನಿಗೆ ಅಲ್ಲೇ ಅನುಮಾನ ಹತ್ತಿತು. ಅದು ನಿಜವೂ ಆಗಿತ್ತು.

ವರ್ಚುವಲ್ ಯಂತ್ರದ ನೆಟ್‌ವರ್ಕ್ ವೇಗವಾಗಲಿ ಎಂದು ಲಿನಕ್ಸ್ ಕರ್ನೆಲ್ಲಿನೊಳಗೆ ವಿಹೋಸ್ಟ್ ಎಂಬ ಸಹಾಯಕ ಇದ್ದಾನೆ. ಪ್ಯಾಕೆಟ್ಟುಗಳನ್ನು ಆತ ನೇರವಾಗಿ ಒಳಯಂತ್ರದ ಮೆಮೊರಿಗೆ ತಲುಪಿಸುತ್ತಾನೆ. ಹಾಗಾಗಿ ಮೆಮೊರಿ ಎಲ್ಲೆಲ್ಲಿದೆ ಎಂಬ ಪಟ್ಟಿ ಅವನಲ್ಲೂ ಇರಬೇಕು. ಆ ಪಟ್ಟಿಯಲ್ಲಿದ್ದದ್ದು 64 ಸಾಲು. ಯಂತ್ರದ ಮೂಲ ಮೆಮೊರಿ ಕೆಲವು ಸಾಲು ತಿಂದಿರುತ್ತದೆ, ಸೇರಿಸಿದ ಸ್ಟಿಕ್ಕಿಗೆ ಸಾಮಾನ್ಯವಾಗಿ ಒಂದೊಂದು ಸಾಲು. ದೊಡ್ಡಪ್ಪನ ಹೋಟೆಲಿನ ಭಾಷೆಯಲ್ಲಿ ಹೇಳುವುದಾದರೆ ಹಾಲಿನಲ್ಲಿ 256 ಟೇಬಲ್ ಹಾಕುವ ಜಾಗ, ಅಡುಗೆಮನೆಯ ಆರ್ಡರ್ ಹಲಗೆಯಲ್ಲಿ 64 ಗೆರೆ. ಹಲಗೆ ತುಂಬಿದ ಮೇಲೆ ಇನ್ನೊಂದು ಟೇಬಲ್ ಹಾಕಿದ್ದೇ ತಡ, ಭಟ್ಟರು ಒಲೆಯನ್ನೇ ಆರಿಸಿಬಿಟ್ಟರು.

ಇಲ್ಲಿ ಭಟ್ಟರು ಕ್ಯುಎಮು. ವಿಹೋಸ್ಟ್ ಸಭ್ಯನೇ, ‘ಪಟ್ಟಿ ದೊಡ್ಡದಾಯಿತು, ಆಗುವುದಿಲ್ಲ’ ಎಂದು ಉತ್ತರ ಕೊಡುತ್ತಿದ್ದ. ಆದರೆ ಸ್ಟಿಕ್ ಕೂರಿಸಿ ಆದ ಮೇಲೆ ಪಟ್ಟಿ ಕಳಿಸುವುದು ಕ್ಯುಎಮುವಿನ ಕ್ರಮ, ಆಗ ಬರುವ ಉತ್ತರ ‘ಆಗುವುದಿಲ್ಲ’ ಎಂದಿರಬಹುದೆಂದು ಅದರ ಕೋಡು ಎಣಿಸಿಯೇ ಇರಲಿಲ್ಲ. ಹಿಂದೆ ಸರಿಯಲು ದಾರಿಯಿಲ್ಲ, ಹಾಗಾಗಿ ಇಡೀ ಪ್ರೋಗ್ರಾಮೇ ಅಲ್ಲಿಗೆ ನಿಲ್ಲುತ್ತಿತ್ತು. ಒಳಗಿದ್ದ ಯಂತ್ರಕ್ಕೆ ಅದು ಕರೆಂಟು ಹೋದ ಹಾಗೆ. ಸ್ಲಾಟು ಖಾಲಿ, ಮೆಮೊರಿ ಗಟ್ಟಿ, ಯಂತ್ರ ಮಾತ್ರ ಇಲ್ಲ.

ಸರಿಪಡಿಸಿದ್ದು ಅದೇ 2015ರಲ್ಲಿ. ಸ್ಟಿಕ್ ಕೂರಿಸುವ ಮೊದಲು ಕೆವಿಎಂನನ್ನು ಕೇಳುವ ಕ್ರಮ ಕ್ಯುಎಮುವಿನಲ್ಲಿ ಅದಾಗಲೇ ಸೇರಿತ್ತು, ವಿಹೋಸ್ಟನ್ನು ಕೇಳುವುದು ಬಿಟ್ಟುಹೋಗಿತ್ತು. ಅದನ್ನೂ ಸೇರಿಸಿದರು. ಒಂದು ಸಾಲಿನ ಜಾಗವಿದೆಯೇ? ಇದ್ದರೆ ಮುಂದುವರಿ. ಇಲ್ಲದಿದ್ದರೆ ಆಜ್ಞೆ ಕೊಟ್ಟವನಿಗೆ ತಪ್ಪು ಸಂದೇಶ ತೋರಿಸಿ ಸುಮ್ಮನಾಗು, ಯಂತ್ರ ಓಡುತ್ತಲೇ ಇರಲಿ. ತಿದ್ದುಪಡಿ ಉದ್ದವೇನಲ್ಲ. ನನಗೆ ಅದರಲ್ಲಿ ಇಷ್ಟವಾದದ್ದು ಕ್ರಮ: ಕೇಳುವುದು ಮೊದಲು, ಕೂರಿಸುವುದು ಆಮೇಲೆ. 430ಟಿಎಕ್ಸ್ ಕಾಲದಲ್ಲಿ ಬೋರ್ಡು ಹೀಗೊಂದು ಮಾತು ಮೊದಲೇ ಹೇಳಿದ್ದರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎಷ್ಟು ಜಗಳ ತಪ್ಪುತ್ತಿತ್ತೋ!

ಜೊತೆಗೆ, ಅದೇ ವರ್ಷ ಲಿನಕ್ಸ್ ಕರ್ನೆಲ್ಲಿನಲ್ಲಿ ವಿಹೋಸ್ಟಿನ ಆ 64 ಸಾಲಿನ ಮಿತಿಯನ್ನು ಯಂತ್ರ ನಡೆಸುವವರೇ ಹೆಚ್ಚಿಸಿಕೊಳ್ಳಲು ಒಂದು ಸೆಟ್ಟಿಂಗ್ ಇಟ್ಟರು. ಕರ್ನೆಲ್ಲಿನ ಹೊರಗೆ ಓಡುವ ವಿಹೋಸ್ಟ್-ಯೂಸರ್ ಎಂಬ ದಾಯಾದಿಯ ಪಟ್ಟಿ ಇನ್ನೂ ಗಿಡ್ಡ, ಆಗ ಎಂಟೇ ಸಾಲು.

ಅಳಿಯನ ಡೇಟಾ ಸೆಂಟರಿನಲ್ಲಿ ಹೊಸ ಕ್ಯುಎಮು ಹಾಕಿಕೊಂಡರು. ಅರ್ಧರ್ಧ ಜಿಬಿಯ ಚಿಲ್ಲರೆ ಸ್ಟಿಕ್ಕುಗಳ ಬದಲು ದೊಡ್ಡವನ್ನು ಹಾಕುವ ನಿಯಮ ಮಾಡಿದರು. ನನ್ನ ಸೇಠರ ಅಂಗಡಿಯಲ್ಲಿ ಈಗ ಸಿಸಿ ಕ್ಯಾಮೆರಾ ಮಾರುತ್ತಾರೆ. ಓಡುವ ವರ್ಚುವಲ್ ಯಂತ್ರಕ್ಕೆ ಮೆಮೊರಿ ಸೇರಿಸುವ ಕೆಲಸ ನಿಮ್ಮದಾಗಿದ್ದರೆ ಸ್ಟಿಕ್ಕುಗಳ ಸಂಖ್ಯೆಯನ್ನು ಎಲ್ಲಾದರೂ ಬರೆದಿಡಿ, ಸಣ್ಣವು ಹತ್ತು ಹಾಕುವ ಬದಲು ದೊಡ್ಡದು ಒಂದು ಹಾಕಿ. ವಿಹೋಸ್ಟಿನ ಆ ಸೆಟ್ಟಿಂಗನ್ನು ಯಾರೂ ಮುಟ್ಟದಿದ್ದರೆ, ಅದು ಈಗಲೂ 64.